16 ಇದ್ರೆ ಸಾಲದು, 7ಕ್ಕೆ ತಿರುಗ್ಬೇಕು! (ಡಬ್ಬಿ ಪುರಾಣ, ಭಾಗ 4)

"ಸೀಕ್ವೆನ್ಸರ್ ತಗೊಳ್ಳೋದಾದ್ರೆ ಎಷ್ಟು ಸ್ಟೆಪ್‌ದು ತಗೋಬೇಕು?" ಅಂತ ಕ್ಲಾಸಲ್ಲೂ ಕೇಳ್ತಾರೆ, ಡಿಎಂನಲ್ಲೂ ಕೇಳ್ತಾರೆ. ನಾನು ಹೇಳೋದು ಇಷ್ಟೇ: ಎಷ್ಟು ಸ್ಟೆಪ್ ಅನ್ನೋದಕ್ಕಿಂತ, ಎಲ್ಲಿಂದ ವಾಪಸ್ ಮೊದಲಿಗೆ ಬರಬಹುದು ಅನ್ನೋದು ಮುಖ್ಯ.

ಹೊಸಬರಿಗೆ: ಅನಲಾಗ್ ಸೀಕ್ವೆನ್ಸರ್ ಅಂದ್ರೆ ಸಾಲಾಗಿರೋ ನಾಬ್‌ಗಳು. ಪ್ರತಿ ನಾಬ್‌ಗೂ ಒಂದು ವೋಲ್ಟೇಜ್. ಕ್ಲಾಕ್ ಬಡಿದ ಹಾಗೆ ಅವು ಒಂದಾದ ಮೇಲೊಂದು ಸಿಂತ್‌ಗೆ ಹೋಗ್ತವೆ, ಸಿಂತ್ ಅದನ್ನ ಸ್ವರ ಮಾಡುತ್ತೆ.

ನಾನು ಕೇಳೋದು ಮೂರೇ.

1️⃣ ಪ್ರತಿ ಸಾಲಿಗೂ ಬೇರೆ ಉದ್ದ. ಬಹಳಷ್ಟು ಡಬ್ಬಿಗಳದ್ದು 8 ಇಲ್ಲಾ 16ರ ಲೆಕ್ಕ. ಆದಿತಾಳಕ್ಕೆ ಓಕೆ. ಆದ್ರೆ ಮಿಶ್ರಛಾಪು 7, ಖಂಡಛಾಪು 5. ಒಂದು ಸಾಲು 7, ಇನ್ನೊಂದು 8 ಇಟ್ಟು ಬಿಡಿ: ಎರಡೂ ಮತ್ತೆ ಒಟ್ಟಿಗೆ ಸೇರೋದು 56ನೇ ಸ್ಟೆಪ್ ಮುಗಿದ ಮೇಲೆ. ಅಲ್ಲಿವರೆಗೆ ಬೋರ್ ಆಗಲ್ಲ. ಕೋರ್ಗ್ ಎಸ್‌ಕ್ಯೂ-1ರಂಥ ಚಿಕ್ಕ ಡಬ್ಬೀಲೂ ಬೇಡದ ಸ್ಟೆಪ್ ಹಾರಿಸಬಹುದು, ಅಂದ್ರೆ ಇದೇನೂ ದೊಡ್ಡ ಆಸೆ ಅಲ್ಲ.

2️⃣ ಮೌನಕ್ಕೆ ಬೇರೆ ಸ್ವಿಚ್. ಹಾರಿಸಿದ್ರೆ ಲೆಕ್ಕ ಕಮ್ಮಿಯಾಗುತ್ತೆ, ಸುಮ್ಮನಿದ್ರೆ ಲೆಕ್ಕ ಉಳಿಯುತ್ತೆ. ಎರಡೂ ಬೇಕು.

3️⃣ ಆನ್-ಆಫ್ ಮಾಡೋ ಕ್ವಾಂಟೈಸರ್. ಸಾಮಾನ್ಯ ಲೆಕ್ಕದಲ್ಲಿ 1 ವೋಲ್ಟ್ ಅಂದ್ರೆ ಒಂದು ಸ್ಥಾಯಿ, ಅದರಲ್ಲಿ 12 ಸ್ವರಸ್ಥಾನ. ನಾಬ್ 5 ವೋಲ್ಟ್‌ವರೆಗೆ ಹೋದ್ರೆ ಒಂದೇ ಸುತ್ತಲ್ಲಿ 60 ಸ್ವರಸ್ಥಾನ! ಬರೀ ಕೈಯಲ್ಲಿ ಶ್ರುತಿ ಹಿಡಿಯೋದು ಕಷ್ಟ, ಕ್ವಾಂಟೈಸರ್ ಹತ್ತಿರದ ಸ್ವರಕ್ಕೆ ಕೂರಿಸುತ್ತೆ. ಆದ್ರೆ ನಮ್ಮ ಗಮಕ ಆ 12ರ ನಡುವೆ ಓಡಾಡುತ್ತೆ, ಅದಕ್ಕೇ ಆಫ್ ಕೂಡ ಬೇಕು.

ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಟಿಬಿ-303, ಟಿಆರ್-808 ಇಟ್ಕೊಂಡು 10 ರಾಗಗಳ ಆಲ್ಬಂ ಮಾಡಿದ್ರು. ಕೇಳಿ, ಸೂಪರ್. ಆದ್ರೆ ರಾಗ ನಮ್ಮದು, ಬೀಟ್ ಡಿಸ್ಕೋದ್ದು. ಬೆಂಗಳೂರಿನ ರಾಡೆಲ್‌ನವರು ಕರ್ನಾಟಕ ಸಂಗೀತದ ತಾಳ ನುಡಿಸೋ ತಾಳೋಮೀಟರ್ ಮಾಡಿದ್ದಾರೆ. ಅಂದ್ಮೇಲೆ 5, 7 ಎಣಿಸೋದು ಮಷೀನ್‌ಗೆ ಕಷ್ಟ ಅಲ್ಲ, ಕೇಳೋರು ಬೇಕು ಅಷ್ಟೇ. ಡಬ್ಬಿ ಬರೀ 4ರಲ್ಲಿ ಎಣಿಸಿದ್ರೆ ನಿಧಾನಕ್ಕೆ ನಮ್ಮ ತಲೇನೂ 4ರಲ್ಲೇ ಎಣಿಸುತ್ತೆ ಕಣ್ರೋ.

ನಮ್ಮ ದುರ್ಗದ ಕಡೆ ಅಂಗಡಿಗೆ ಹೋಗಿ ನಾಬ್ ತಿರುಗಿಸಿ ನೋಡಿ ತಗೊಳ್ಳೋ ಹಾಗಿಲ್ಲ, ಎಲ್ಲಾ ಆನ್‌ಲೈನ್. ಅದಕ್ಕೇ ಆರ್ಡರ್ ಮಾಡೋ ಮುಂಚೆ ಮ್ಯಾನುಯಲ್ ಡೌನ್‌ಲೋಡ್ ಮಾಡಿ ಈ ಮೂರೂ ಹುಡುಕಿ. ಎಲ್‌ಇಡಿ ಮಿನುಗೋದು ನೋಡಿ ಮರುಳಾಗಬೇಡಿ. ದುಡ್ಡು ಅಪ್ಪ ಅಮ್ಮಂದು.

ನಿಮಗೆ ನಾಲ್ಕನೇದು ಏನು ಬೇಕು? ಕಾಮೆಂಟ್ ಹಾಕಿ 👇

#ಡಬ್ಬಿಪುರಾಣ #ಸೀಕ್ವೆನ್ಸರ್ #ಮಿಶ್ರಛಾಪು #ಚನ್ನರಾಯನದುರ್ಗ