ರಸಾಯನಶಾಸ್ತ್ರ: ಮೊದಲ ಸೆಮಿಸ್ಟರಿನಲ್ಲಿ ಎಡವುವುದೇಕೆ?

ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿ ವ್ಯವಸ್ಥೆ ಬಂತು. 2024ರಲ್ಲಿ ಸರಕಾರ ಮೂರು ವರ್ಷಗಳ ಪದವಿಗೆ ಮರಳಿತು. ಈ ಬದಲಾವಣೆಗಳ ಕುರಿತು ಸಾಕಷ್ಟು ಚರ್ಚೆ ನಡೆಯಿತು. ಆದರೆ ಬಿ.ಎಸ್ಸಿ. ಮೊದಲ ಸೆಮಿಸ್ಟರಿನ ರಸಾಯನಶಾಸ್ತ್ರದಲ್ಲಿ ಎಡವುವ ವಿದ್ಯಾರ್ಥಿಗಳ ಕಷ್ಟ ಆ ಚರ್ಚೆಯಲ್ಲಿ ಕಾಣಿಸಲಿಲ್ಲ.

‘ಮೋಲ್’ ಎಂಬ ಪರಿಕಲ್ಪನೆಯನ್ನೇ ನೋಡೋಣ. ಡಜನ್ ಎಂದರೆ 12. ಮೋಲ್ ಎಂದರೆ ಸುಮಾರು 6.022 × 10²³ ಕಣಗಳು. 18 ಗ್ರಾಂ ನೀರಿನಲ್ಲಿ ಅಷ್ಟು ಅಣುಗಳಿವೆ. 58.5 ಗ್ರಾಂ ಅಡುಗೆ ಉಪ್ಪನ್ನು ನೀರಿನಲ್ಲಿ ಕರಗಿಸಿ, ಒಟ್ಟು ಒಂದು ಲೀಟರ್ ದ್ರಾವಣ ಮಾಡಿದರೆ ಅದು ಒಂದು ಮೋಲಾರ್. ಇಷ್ಟು ತಿಳಿಯದೆ ಸೂತ್ರವನ್ನು ಬಾಯಿಪಾಠ ಮಾಡಿದವರು ಪ್ರಯೋಗಾಲಯದಲ್ಲಿ ಬ್ಯುರೆಟ್ ಹಿಡಿದಾಗ ಲೆಕ್ಕ ತಪ್ಪುತ್ತಾರೆ.

ಹತ್ತನೆಯ ತರಗತಿವರೆಗೆ ‘ಆಮ್ಲ’, ‘ಪ್ರತ್ಯಾಮ್ಲ’ ಎಂದು ಕನ್ನಡದಲ್ಲಿ ಕಲಿತವರಿಗೆ ‘ಆ್ಯಸಿಡ್’, ‘ಬೇಸ್’ ಎಂಬ ಭಾಷೆಯ ಹೊರೆಯೂ ಸೇರುತ್ತದೆ. ಇದು ಬುದ್ಧಿಯ ಕೊರತೆಯಲ್ಲ, ಬುನಾದಿಯ ಕೊರತೆ.

ಕಾಲೇಜುಗಳು ಮೊದಲ ಕೆಲವು ವಾರಗಳನ್ನು ಈ ಬುನಾದಿಗೆ, ಎರಡೂ ಭಾಷೆಗಳಲ್ಲಿ, ಮೀಸಲಿಡಬೇಕೆಂಬುದು ನಮ್ಮ ಅಭಿಪ್ರಾಯ. ಹೆತ್ತವರಲ್ಲಿಯೂ ನಮ್ಮದೊಂದು ವಿನಂತಿ: ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆಯಾಯಿತೆಂದು ಮಕ್ಕಳನ್ನು ವಿಜ್ಞಾನದಿಂದ ಬಿಡಿಸಬೇಡಿ. ಎಲ್ಲಿ ಅರ್ಥವಾಗಲಿಲ್ಲವೆಂದು ಮೊದಲು ಕೇಳಿ.