ತೊಳೆದ ನೀರು ಎಷ್ಟೋ ತೋಟ ಅಷ್ಟೇ

ತಾರಸಿ ಮೇಲೆ ಟ್ಯಾಂಕರ್ ನೀರು ಸುರಿದು ಹೂಕೋಸು ಬೆಳೆಯೋದನ್ನ ಪರಿಸರಸ್ನೇಹಿ ಅಂತ ನಾನಂತೂ ಒಪ್ಪಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿಯೋರು ತೋಟಕ್ಕೆ ಕುಡಿಯೋ ನೀರು ಬಿಟ್ರೆ 5,000 ರೂಪಾಯಿ ದಂಡ ಅಂದ್ರಲ್ಲ, ಮರೆತುಬಿಟ್ರಾ? ಆಗ ಕೆ.ಆರ್. ಪುರದ ಕಡೆ ಬೋರ್‌ವೆಲ್ ಬತ್ತಿ, ಬಿಂದಿಗೆ ಹಿಡ್ಕೊಂಡು ಟ್ಯಾಂಕರ್‌ಗೆ ಕಾಯ್ತಿದ್ರು ಜನ. ಹೂಕೋಸು ಎರಡು ಮೂರು ತಿಂಗಳು ನೀರು ಕುಡಿದು ಕೊಡೋದು ಒಂದೇ ಹೂವು!

ಹಾಗಂತ ಕುಂಡಗಳನ್ನ ಗುಜರಿಗೆ ಹಾಕಿ ಅಂತಿಲ್ಲ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನ ಬಕೆಟ್ಟಲ್ಲಿ ಹಿಡಿದಿಡಿ. ಉಪ್ಪು, ಸೋಪು ಬಿದ್ದಿದ್ದು ಬೇಡ. ದಿನಕ್ಕೆ ಎಷ್ಟು ಸಿಗತ್ತೋ ಅಷ್ಟಕ್ಕೇ ಕುಂಡ ಇಡಿ. ದಂಟು, ದೊಡ್ಡಪತ್ರೆ, ಕರಿಬೇವು ಸಾಕು. ಮೆಂತ್ಯಕ್ಕೆ ಬೀಜದಂಗಡಿಗೂ ಹೋಗ್ಬೇಡಿ, ಒಗ್ಗರಣೆ ಡಬ್ಬಿಲಿರೋ ಕಾಳನ್ನೇ ಎರಚಿ. ಮೂರ್ನಾಲ್ಕು ವಾರಕ್ಕೆ ಸೊಪ್ಪು ಬರತ್ತೆ.

ಮಣ್ಣಿನ ಮೇಲೆ ಒಣಗಿದೆಲೆ ದಪ್ಪಗೆ ಹರಡಿದ್ರೆ ತೇವ ಬೇಗ ಆರಲ್ಲ. ಹಲಸೂರು, ಇಂದಿರಾನಗರದ ಮರದ ಬೀದಿಗಳಲ್ಲಿ ಬೇಕಾದಷ್ಟು ಬಿದ್ದಿರತ್ತೆ. (ಗುಡಿಸಿ ಬೆಂಕಿ ಹಚ್ತಾರೆ, ನೋಡಿದ್ರೆ ಹೊಟ್ಟೆ ಉರಿಯತ್ತೆ.) ಒಂದು ಚೀಲ ತುಂಬ್ಕೊಂಡು ಬನ್ನಿ.

ಹೂಕೋಸು ಬೇಕೇ ಬೇಕಾ? ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ ಇದ್ದೇ ಇದೆಯಲ್ಲ.