ಪಹಣಿಯಲ್ಲಿ ಬರೆಯದ ಹೊಳೆ

ಶಿರಸಿಯ ಶಂಕರಹೊಂಡದ ಆಸುಪಾಸಿನಲ್ಲಿ ಕಣ್ತೆರೆದು, ಸಿದ್ದಾಪುರದ ಕಾಡುಗಳಲ್ಲಿ ಧುಮುಕಿ, ಕುಮಟಾ ತಾಲೂಕಿನ ತದಡಿಯ ಬಳಿ ಕಡಲನ್ನು ಸೇರುವ ಅಘನಾಶಿನಿಗೆ ಇಂದಿಗೂ ಅಣೆಕಟ್ಟಿಲ್ಲ. ಸುಮಾರು 120 ಕಿಲೋಮೀಟರು ಉದ್ದಕ್ಕೂ ಅದು ತನ್ನ ಇಚ್ಛೆಯಂತೆಯೇ ಹರಿಯುತ್ತದೆ. ಉತ್ತರ ಕನ್ನಡದ ಕಾಳಿಗೂ ನೆರೆಯ ಶರಾವತಿಗೂ ಈ ಭಾಗ್ಯವಿಲ್ಲ. ಹೊರನಾಡಿನಲ್ಲಿರುವ ನಾವು ಈ ನದಿಯನ್ನು ಕುರಿತು ಆಡುವ ಮಾತು ಮಾತ್ರ ಎರಡೇ ಬಗೆಯದು. ಒಂದು, ಪಾಪ ತೊಳೆಯುವ ಪುಣ್ಯನದಿಯೆಂಬ ಸ್ತುತಿ. ಇನ್ನೊಂದು, ಅಲ್ಲಿ ಬಂದರೋ ವಿದ್ಯುತ್ ಸ್ಥಾವರವೋ ಆದರೆ ಊರಿನ ಹುಡುಗರಿಗೆ ನೌಕರಿ ಸಿಕ್ಕೀತೆಂಬ ಲೆಕ್ಕಾಚಾರ. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದ ಕೆಸರನ್ನು ತಡವಿ ಬಳಚು ಹೆಕ್ಕುವ ಹೆಂಗಸು ಈ ಎರಡು ಮಾತುಗಳಲ್ಲೂ ಕಾಣಿಸುವುದಿಲ್ಲ. ಆ ನದಿಯ ಮೇಲೆ ಮೊದಲ ಹಕ್ಕು ಅವಳದೆಂಬುದು ಈ ಲೇಖನದ ವಾದ. ತುರ್ಭೆಯಲ್ಲಿ ಕುಳಿತು ಇದನ್ನು ಬರೆಯುವುದಕ್ಕೆ ಕಾರಣವಿದೆ; ಅದನ್ನು ಮುಂದೆ ಹೇಳುತ್ತೇನೆ.

ಹೆಸರಿನಿಂದಲೇ ಆರಂಭಿಸೋಣ. ಅಘವೆಂದರೆ ಪಾಪ, ಅದನ್ನು ನಾಶಗೊಳಿಸುವವಳು ಅಘನಾಶಿನಿ. ರಾವಣನ ಕೈಯಿಂದ ಆತ್ಮಲಿಂಗ ನೆಲ ಸೇರಿತೆಂಬ ಗೋಕರ್ಣವು ಈ ನದಿಗೂ ಗಂಗಾವಳಿಗೂ ನಡುವೆ ಇರುವುದರಿಂದ, ನದಿಗೆ ಪುರಾಣದ ಬೆಳಕು ಬೀಳುವುದು ಸಹಜವೇ. ಆದರೆ ದಂಡೆಯ ಮೇಲೆ ಬದುಕುವವರ ಬಾಯಲ್ಲಿ ಅದು ಬರಿಯ ಹೊಳೆ. ಅವರು ಇಟ್ಟ ಹೆಸರುಗಳಲ್ಲಿ ಕಿವಿಗೆ ಕೇಳಿದ್ದು, ಕಣ್ಣಿಗೆ ಕಂಡದ್ದು ಇರುತ್ತದೆ. 116 ಮೀಟರು ಎತ್ತರದಿಂದ ಬೀಳುವ ಉಂಚಳ್ಳಿ ಜಲಪಾತವನ್ನು ಅವರು ಕೆಪ್ಪ ಜೋಗವೆಂದರು. ಅದರ ಆರ್ಭಟದ ಮುಂದೆ ಕಿವಿ ಕೆಪ್ಪಾಗುತ್ತದೆ. 1845ರಲ್ಲಿ ಲಷಿಂಗ್ಟನ್ ಎಂಬ ಆಂಗ್ಲ ಅಧಿಕಾರಿ ಅದನ್ನು ‘ಕಂಡುಹಿಡಿದ’ನೆಂದು ಬರೆಯಲಾಯಿತು, ಅವನ ಹೆಸರನ್ನೂ ಇಡಲಾಯಿತು. ಶತಮಾನಗಳಿಂದ ಅದರ ಸದ್ದನ್ನು ಕೇಳುತ್ತ ಬಂದವರು ಏನು ಮಾಡುತ್ತಿದ್ದರೋ!

ಇತಿಹಾಸದಲ್ಲಿಯೂ ಹೀಗೆಯೇ. ನದಿಯ ಕೆಳಹರಿವಿನಲ್ಲಿರುವ ಮಿರ್ಜಾನ ಕೋಟೆಯನ್ನು ಕುರಿತು ನಾವು ಹೆಮ್ಮೆಯಿಂದ ಮಾತನಾಡುತ್ತೇವೆ. ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಅದರೊಂದಿಗೆ ಬೆಸೆದುಕೊಂಡಿದೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಘಟ್ಟದ ಕಾಳುಮೆಣಸು ಈ ಹೊಳೆಗಳ ಮೇಲಿಂದಲೇ ಕಡಲಿಗಿಳಿದು ಯುರೋಪಿನ ಊಟದ ಮೇಜನ್ನು ತಲುಪಿತು. ಆದರೆ ಮೆಣಸನ್ನು ಸಾಗಿಸಿದ ದೋಣಿಗಳಿಗೆ ಹುಟ್ಟು ಹಾಕಿದ ಅಂಬಿಗನಿಗೆ ಯಾವ ಶಾಸನದಲ್ಲಿಯೂ ಜಾಗ ದೊರೆತಂತಿಲ್ಲ. ಅವನ ವಂಶದವರು ಮಾತ್ರ ಇಂದಿಗೂ ಅದೇ ನೀರಿನಲ್ಲಿದ್ದಾರೆ.

ಅವರ ಬಳಿ ಇರುವ ವಿದ್ಯೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಭರತ ಮತ್ತು ಇಳಿತವೇ ಅಲ್ಲಿಯ ಗಡಿಯಾರ. ಅಮಾವಾಸ್ಯೆ ಹುಣ್ಣಿಮೆಗಳ ಹತ್ತಿರ ನೀರು ಹೆಚ್ಚು ಏರುತ್ತದೆ, ಅಷ್ಟೇ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಎರಡೂ ಮಂದ. ದಿನದಿನಕ್ಕೆ ಮುಕ್ಕಾಲು ಗಂಟೆಯಷ್ಟು ಹಿಂದೆ ಸರಿಯುವ ಈ ಲೆಕ್ಕ ಪಂಚಾಂಗ ತೆರೆಯದ ಹೆಂಗಸಿಗೂ ಬಾಯಿಪಾಠ. ನೀರು ಇಳಿದಾಗ ಮರಳದಿಬ್ಬಗಳು ತಲೆಯೆತ್ತುತ್ತವೆ. ಆಗ ಅಂಬಿಗರು, ಹರಿಕಂತ್ರರು, ಹಾಲಕ್ಕಿಗಳು, ಪಟಗಾರರು, ನಾಮಧಾರಿಗಳು, ಮುಸ್ಲಿಮರು ಎನ್ನದೆ ಎಲ್ಲರೂ ಬುಟ್ಟಿ ಹಿಡಿದು ಇಳಿಯುತ್ತಾರೆ. ಬಳಚು, ನೀಲಿಕಲ್ಲು ಮೊದಲಾದ ಚಿಪ್ಪುಜೀವಿಗಳನ್ನು ಹೆಕ್ಕಲು ದೋಣಿ ಬೇಡ, ಬಲೆ ಬೇಡ, ಬಂಡವಾಳ ಬೇಡ. ಮನೆಯಲ್ಲಿ ಅಕ್ಕಿಯಿದ್ದು ಪಲ್ಯಕ್ಕೇನೂ ಇಲ್ಲದ ದಿನ ಹೊಳೆ ಕೈ ಬಿಡುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ಅವರಲ್ಲಿ ಕುಮಟೆಯ ಡಾ. ಎಂ. ಡಿ. ಸುಭಾಶ್ಚಂದ್ರನ್ ಅವರೂ ಒಬ್ಬರು, 2008ರ ಸುಮಾರಿಗೆ ಲೆಕ್ಕ ಹಾಕಿದಾಗ ಈ ಅಳಿವೆಯಿಂದ ವರ್ಷಕ್ಕೆ 22,000 ಟನ್ನಿನಷ್ಟು ಚಿಪ್ಪುಜೀವಿ ಸಿಗುತ್ತಿತ್ತು. 2,300ಕ್ಕೂ ಹೆಚ್ಚು ಜನರಿಗೆ ಅದರಿಂದ ನೇರ ದುಡಿಮೆಯಿತ್ತು. ಯಾವ ಸರಕಾರವೂ ಒಂದು ರೂಪಾಯಿ ಹೂಡದೆ ಇಷ್ಟು ಜನರನ್ನು ಸಾಕಿದ ಉದ್ಯಮ ಜಿಲ್ಲೆಯಲ್ಲಿ ಬೇರೆ ಯಾವುದಿದೆ?

ದಂಡೆಯ ಗಜನಿ ಗದ್ದೆಗಳದ್ದು ಇನ್ನೂ ಸೊಗಸಾದ ವ್ಯವಸ್ಥೆ. ಉಪ್ಪುನೀರು ನುಗ್ಗುವ ಈ ತಗ್ಗುಗಳಲ್ಲಿ ಮಳೆಗಾಲದ ನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತವನ್ನು ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ಅದು, ಗೊಬ್ಬರವನ್ನೂ ಕೇಳುವುದಿಲ್ಲ. ಕೊಯ್ಲಾದ ಮೇಲೆ ಒಡ್ಡಿನ ಹಲಗೆಬಾಗಿಲು ತೆರೆದು ಭರತದ ನೀರನ್ನು ಒಳಗೆ ಬಿಟ್ಟರೆ, ಕೊಳೆತ ಕೂಳೆಯನ್ನು ತಿನ್ನಲು ಸಿಗಡಿ, ನೊಗಲಿ, ಕಾಗಳಸಿ, ಏಡಿಗಳೆಲ್ಲ ಬರುತ್ತವೆ. ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿದರಾಯಿತು. ಒಂದೇ ನೆಲದಲ್ಲಿ ಅನ್ನವೂ ಮೀನೂ. 1970ರ ದಶಕದಲ್ಲಿ ಸರಕಾರ ಶಾಶ್ವತ ಒಡ್ಡುಗಳನ್ನು ಕಟ್ಟಿಸಿತು. ಆ ಮೇಲೆ ಸಿಗಡಿ ಕೃಷಿಯ ಹುಚ್ಚು ಬಂತು, ಸಿಗಡಿಗೆ ರೋಗವೂ ಬಂತು, ಅನೇಕ ಗಜನಿಗಳು ಪಾಳುಬಿದ್ದವು. ಮಾಣಿಕಟ್ಟೆಯಂಥ ಕೆಲವು ಕಡೆ ಕಗ್ಗ ಇನ್ನೂ ಉಳಿದಿರುವುದು ರೈತರ ಹಟದಿಂದ.

ಊರಿನವರೆಲ್ಲ ದೇವತೆಗಳೆಂದು ಹೇಳುವುದು ನನ್ನ ಉದ್ದೇಶವಲ್ಲ. ಲಾರಿಗಳು ಗೋವೆಯ ಮಾರುಕಟ್ಟೆಗೆ ಬಳಚು ಸಾಗಿಸತೊಡಗಿದ ಮೇಲೆ ಮರಿಗಳನ್ನೂ ಬಿಡದೆ ಬಾಚಿದವರಿದ್ದಾರೆ. ಸುಣ್ಣಕ್ಕಾಗಿ ಹೊಳೆಯ ತಳದ ಚಿಪ್ಪನ್ನು ಅಗೆಯಲು ಗುತ್ತಿಗೆ ಕೊಟ್ಟವರೂ ಇದ್ದಾರೆ. ಆದರೆ ಇವು ಊರಿನವರು ಕುಳಿತು ಮಾತಾಡಿ ತಿದ್ದಿಕೊಳ್ಳಬಲ್ಲ ತಪ್ಪುಗಳು. ತಿದ್ದಲಾಗದ ತಪ್ಪಿನ ನಿದರ್ಶನ ಪಕ್ಕದ ಶರಾವತಿಯಲ್ಲಿದೆ.

ಬಳಚಿಗೆ ಬೇಕಾದದ್ದು ಹದವಾದ ಉಪ್ಪು. ಮಳೆಗಾಲದಲ್ಲಿ ಸಿಹಿನೀರು, ಬೇಸಿಗೆಯಲ್ಲಿ ಕಡಲ ನೀರು ಎಂಬ ಋತುಮಾನದ ಏರಿಳಿತದಲ್ಲಿ ಅದು ಬೆಳೆಯುತ್ತದೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ, ಮುಂದೆ ಗೇರುಸೊಪ್ಪೆಯಲ್ಲೂ ಅಣೆಕಟ್ಟು ಬಂದ ಮೇಲೆ, ವಿದ್ಯುತ್ ತೆಗೆದು ಬಿಟ್ಟ ಸಿಹಿನೀರು ಹೊನ್ನಾವರದ ಅಳಿವೆಗೆ ವರ್ಷವಿಡೀ ಬರತೊಡಗಿತು. ಉಪ್ಪಿನ ಹದ ತಪ್ಪಿತು. ಅಲ್ಲಿಯ ಚಿಪ್ಪುಜೀವಿಗಳು ಬಹುಮಟ್ಟಿಗೆ ಅಳಿದುಹೋದವು. ಯಾರ ಮನೆಯೂ ಮುಳುಗದಿದ್ದ ಅಳಿವೆಯಲ್ಲಿ ನೂರಾರು ಒಲೆಗಳು ಸದ್ದಿಲ್ಲದೆ ಆರಿದವು. ಪರಿಹಾರ ಕೇಳಲು ಅವರಲ್ಲಿ ಪಹಣಿಯಿರಲಿಲ್ಲ. ಹೊಳೆಗೆ ಪಹಣಿ ಎಲ್ಲಿಂದ ಬರಬೇಕು?

ಅಘನಾಶಿನಿಯ ಮೇಲೂ ಕಣ್ಣು ಬೀಳದೆ ಇಲ್ಲ. 2006ರ ಸುಮಾರಿಗೆ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರದ ಪ್ರಸ್ತಾಪ ಬಂದು, ಜನರ ವಿರೋಧದಿಂದ ಹಿಂದೆ ಸರಿಯಿತು. ಬಂದರಿನ ಮಾತು ಆಗಾಗ ಏಳುತ್ತದೆ. ಈಚೆಗೆ ಈ ನದಿಯ ನೀರನ್ನು ವೇದಾವತಿಗೆ ತಿರುಗಿಸುವ ಯೋಜನೆ ಕಡತದಿಂದ ಮೇಲೆದ್ದಿದೆ. ಚಿತ್ರದುರ್ಗ ಸೀಮೆಯ ಬಾಯಾರಿಕೆ ಸುಳ್ಳಲ್ಲ, ಅವರೂ ನಮ್ಮವರೇ. ಆದರೆ ಕಡಲಿಗೆ ಹೋಗುವ ನೀರು ವ್ಯರ್ಥವೆಂಬ ವಾದವನ್ನು ಒಪ್ಪಲಾಗದು. ಆ ನೀರು ಅಳಿವೆಯ ಉಪ್ಪಿನ ಹದವನ್ನು ಕಾಯುತ್ತದೆ, ಗಜನಿಯನ್ನು ತೊಳೆಯುತ್ತದೆ, ಕಾಂಡ್ಲಾ ಗಿಡಗಳ ಬೇರಿನಲ್ಲಿ ಮೀನಿನ ಮರಿ ಸಾಕುತ್ತದೆ. ಮೇಲಿನ ಕಾಡಿನಲ್ಲಿ 2011ರಿಂದ ಸಿಂಗಳೀಕ ಸಂರಕ್ಷಣಾ ಪ್ರದೇಶವಿದೆ. ಕೆಳಗಿನ ಅಳಿವೆಯನ್ನು 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು. ಸುಮಾರು 4,800 ಹೆಕ್ಟೇರು. ತಲೆ ಮತ್ತು ಪಾದಗಳಿಗೆ ಮಾನ್ಯತೆ ಕೊಟ್ಟು ನಡುವೆ ನೀರನ್ನೇ ತೆಗೆಯುವುದು ಯಾವ ನ್ಯಾಯ?

ಈಗ ತುರ್ಭೆಗೆ ಬರುತ್ತೇನೆ. ನಾವಿರುವ ಊರು ಒಂದು ಖಾಡಿಯ ದಂಡೆಯಲ್ಲಿದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ? ಠಾಣೆಯ ಖಾಡಿಯಲ್ಲಿ ಕೋಳಿಗಳೂ ಆಗ್ರಿಗಳೂ ಮೀನು ಹಿಡಿಯುತ್ತಿದ್ದರು, ಉಪ್ಪು ಬೆಳೆಯುತ್ತಿದ್ದರು, ಉಪ್ಪುನೆಲದ ಭತ್ತವನ್ನೂ ಬೆಳೆಯುತ್ತಿದ್ದರು. ಅವರ ಭರತಿ–ಓಹೋಟಿಯ ಲೆಕ್ಕಕ್ಕೂ ಕುಮಟೆಯ ಲೆಕ್ಕಕ್ಕೂ ವ್ಯತ್ಯಾಸವಿಲ್ಲ. ನಮ್ಮ ನೂಲ ಹುಣ್ಣಿಮೆಯ ದಿನವೇ ಅವರ ನಾರಳಿ ಪೂರ್ಣಿಮೆ. 1960ರ ದಶಕದಲ್ಲಿ ಈ ದಂಡೆಯ ಮೇಲೆ ಕೈಗಾರಿಕಾ ವಸಾಹತು ಬಂತು, 1970ರಲ್ಲಿ ಸಿಡ್ಕೋ ಬಂತು, ಆ ಮೇಲೆ ಸಗಟು ಮಾರುಕಟ್ಟೆ ಬಂತು, ಅವುಗಳ ಹಿಂದೆ ನಾವೂ ಬಂದೆವು. ಭೂಮಿ ಕಳೆದುಕೊಂಡವರು ಹೋರಾಡಿದರು. 1984ರ ಜನವರಿಯಲ್ಲಿ ಉರಣದ ಕಡೆ ಗೋಲೀಬಾರಿನಲ್ಲಿ ಐವರು ಪ್ರಾಣ ತೆತ್ತರು. ಅದರ ಫಲವಾಗಿ ಶೇಕಡಾ ಹನ್ನೆರಡೂವರೆಯಷ್ಟು ಅಭಿವೃದ್ಧಿಪಡಿಸಿದ ನಿವೇಶನದ ಹಕ್ಕು ದೊರೆಯಿತು. ನೆಲಕ್ಕೆ ಕಾಗದವಿತ್ತು, ಲೆಕ್ಕ ಸಿಕ್ಕಿತು. ನೀರಿಗೆ ಕಾಗದವಿರಲಿಲ್ಲ. ಕಾರಖಾನೆಗಳ ಕೊಳೆ ಬೆರೆತು ಮೀನು ಕಡಿಮೆಯಾದಾಗ ಕೋಳಿಗಳು ಯಾವ ದಾಖಲೆ ತೋರಿಸಬೇಕಿತ್ತು? ಮೂರನೆಯ ವಾಶಿ ಸೇತುವೆಯಿಂದ ಬಾಧಿತರಾಗುವ ಮೀನುಗಾರರಿಗೆ ಪರಿಹಾರ ಸಲ್ಲಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯ ಹೇಳುವ ಹೊತ್ತಿಗೆ 2021 ಆಗಿತ್ತು. ಮರುವರ್ಷ ಈ ಖಾಡಿಯೂ ರಾಮ್ಸಾರ್ ಪಟ್ಟಿಯನ್ನು ಸೇರಿತು. ನಾವು ಮಕ್ಕಳನ್ನು ಕರೆದೊಯ್ದು ರಾಜಹಂಸಗಳನ್ನು ತೋರಿಸುತ್ತೇವೆ. ಪಟ್ಟಿಗೆ ಸೇರುವುದರಿಂದಲೇ ಹೊಳೆ ಉಳಿಯುವುದಿಲ್ಲ ಎನ್ನುವುದಕ್ಕೆ ನಮಗೆ ಬೇರೆ ಸಾಕ್ಷಿ ಬೇಡ.

ಆದುದರಿಂದ ಊರಿನ ಯೋಜನೆಗಳಿಗೆ ಇಲ್ಲಿಂದ ಜೈಕಾರ ಹಾಕುವ ಮೊದಲು ನಾವು ಕೇಳಬೇಕಾದ ಪ್ರಶ್ನೆ ಇದು: ನೆಲವಿಲ್ಲದ, ನೀರನ್ನೇ ನಂಬಿದವರ ಹೆಸರು ಯೋಜನೆಯ ವರದಿಯಲ್ಲಿ ಎಲ್ಲಿದೆ? ದಿನಕರ ದೇಸಾಯಿಯವರು ಮುಂಬಯಿಯಲ್ಲಿ ನಾವಿಕರ ಸಂಘಟನೆಗೆ ದುಡಿಯುತ್ತಲೇ ಉತ್ತರ ಕನ್ನಡದ ಗೇಣಿದಾರರ ಪರವಾಗಿ ಹೋರಾಡಿದವರು; ಗೇಣಿದಾರನಿಗೂ ಆಗ ಕಾಗದವಿರಲಿಲ್ಲ. ಹನೇಹಳ್ಳಿಯ ಯಶವಂತ ಚಿತ್ತಾಲರೂ ಗೋಕರ್ಣದ ಜಯಂತ ಕಾಯ್ಕಿಣಿಯವರೂ ಆ ತೀರವನ್ನೂ ಈ ಮಹಾನಗರವನ್ನೂ ಒಟ್ಟಿಗೆ ನಮ್ಮ ಸಾಹಿತ್ಯಕ್ಕೆ ತಂದವರು. ಹೊರನಾಡಿನಿಂದ ಊರಿಗೆ ಸಲ್ಲಬೇಕಾದದ್ದು ದೇಣಿಗೆ ಮಾತ್ರವೆಂದು ಅವರಾರೂ ತಿಳಿದಿರಲಿಲ್ಲ.

ಒಂದು ಸಣ್ಣ ಸೂಚನೆಯಿದೆ. ಕುಮಟಾ, ಅಂಕೋಲಾ, ಹೊನ್ನಾವರ ಕಡೆಯ ಅನೇಕ ಕುಟುಂಬಗಳು ಡೊಂಬಿವಲಿಯಿಂದ ಬೇಲಾಪುರದವರೆಗೆ ಹರಡಿಕೊಂಡಿವೆ. ಬಳಚಿನ ಬಗೆಗಳ ಹೆಸರು, ಮರಳದಿಬ್ಬಗಳ ಹೆಸರು, ಯಾವ ತಿಥಿಗೆ ಯಾವ ಮೀನು ಎಂಬ ತಿಳಿವಳಿಕೆ ಇರುವ ಅಜ್ಜಿಯರು ಇನ್ನೂ ಆ ಮನೆಗಳಲ್ಲಿದ್ದಾರೆ. ರಾಜ್ಯೋತ್ಸವದ ಭಾಷಣಗಳಲ್ಲಿ ಒಂದನ್ನು ಕಡಿಮೆ ಮಾಡಿ, ಅವರನ್ನು ಕರೆಸಿ, ಕೇಳಿ ಬರೆದುಕೊಳ್ಳೋಣ. ದಿವಾಳೆ ಗಾವ್‌ನ ಕೋಳಿ ಹೆಂಗಸರನ್ನೂ ಅದೇ ದಿನ ಕರೆಯಬಹುದು. ಮಾತಿಗೆ ದುಭಾಷಿ ಬೇಕಾದೀತು, ಮೀನಿನ ವಿಚಾರಕ್ಕೆ ಬೇಕಾಗಲಿಕ್ಕಿಲ್ಲ. ಬರೆದುಕೊಂಡದ್ದರ ಒಂದು ಪ್ರತಿಯನ್ನು ನಮ್ಮ ಮನವಿಯೊಂದಿಗೆ ಬೆಂಗಳೂರಿಗೆ ಕಳುಹಿಸೋಣ.